ಮೂಗಿನಿಂದ ಗದ್ದಕ್ಕೆ: ಕರಾವಳಿಯ ಒಂದು ಮೀನುಪೇಟೆಯಲ್ಲಿ ಮಾಸ್ಕ್ ಬಳಕೆಯ ಪ್ರಕರಣ

2021ರ ಮೇ ತಿಂಗಳಲ್ಲಿ ಆ ಮೀನುಪೇಟೆಗೆ ಹೋದರೆ ಮಾಸ್ಕ್ ಇಲ್ಲದವರು ಯಾರೂ ಕಾಣುತ್ತಿರಲಿಲ್ಲ. ಮಾರುವ ಹೆಂಗಸರಿಗೆ ಪಂಚಾಯಿತಿಯಿಂದಲೇ ಬಟ್ಟೆ ಮಾಸ್ಕ್ ಸಿಕ್ಕಿತ್ತು. ಕೊಳ್ಳಲು ಬರುವವರು ದಂಡದ ಹೆದರಿಕೆಗಾದರೂ ತರುತ್ತಿದ್ದರು. ಆದರೆ ಮೂಗು, ಬಾಯಿ ಎರಡೂ ಮುಚ್ಚಿಕೊಂಡವರು ತೀರಾ ಕಮ್ಮಿ. ಕೆಲವರ ಮಾಸ್ಕ್ ಗದ್ದದ ಕೆಳಗೆ, ಕೆಲವರದ್ದು ಒಂದೇ ಕಿವಿಯಲ್ಲಿ ನೇತಾಡುತ್ತಾ, ಕೆಲವರದ್ದು ಸೊಂಟದ ಸಂಚಿಯೊಳಗೆ.

ಊರು ಕುಮಟಾ ಮತ್ತು ಅಂಕೋಲಾ ನಡುವೆ ಬರುತ್ತದೆ. ಹೆಸರು ಹಾಕುವುದಿಲ್ಲ, ಜನರ ಹೆಸರೂ ಬೇಡ. ನಾನು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ. ಶಾಲೆ ಮುಚ್ಚಿದ್ದರಿಂದ ಪಂಚಾಯಿತಿಯ ಕೊರೊನಾ ಕಾರ್ಯಪಡೆಯಲ್ಲಿ ಡ್ಯೂಟಿ ಬಿದ್ದಿತ್ತು. ನನ್ನ ಜೊತೆ ಒಬ್ಬರು ಆಶಾ ಕಾರ್ಯಕರ್ತೆ, ಪಂಚಾಯಿತಿಯ ಒಬ್ಬ ಸದಸ್ಯರು, ಹೊಲಿಗೆ ಮಾಡುವ ಸ್ವಸಹಾಯ ಸಂಘದ ಇಬ್ಬರು ಹೆಂಗಸರು ಇದ್ದರು. ಮೇ ತಿಂಗಳಿಂದ ಮಳೆಗಾಲ ಮುಗಿಯುವವರೆಗೆ ಆ ಪೇಟೆಯಲ್ಲಿ ಏನು ನಡೆಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಜನ ಅಸಡ್ಡೆ ಮಾಡಿದ್ದರಿಂದ ಮಾಸ್ಕ್ ಕೆಲಸ ಮಾಡಲಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಅದನ್ನು ಒಪ್ಪುವುದಿಲ್ಲ. ಯಾಕೆ ಅನ್ನುವುದಕ್ಕೇ ಈ ಬರಹ.

ಪೇಟೆಗೆ ಬರುವ ಮುಂಚೆ

ನಮ್ಮ ಜಿಲ್ಲೆಗೆ ಕೊರೊನಾ ಹೊಸದಲ್ಲ. 2020ರ ಮಾರ್ಚ್‌ನಲ್ಲೇ ಭಟ್ಕಳದಲ್ಲಿ ಸೋಂಕು ಕಾಣಿಸಿಕೊಂಡಿತ್ತು. ಮೊದಲ ರೋಗಿಗಳಿಗೆ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟಿದ್ದರು. ಆಗ ಮಾಸ್ಕ್ ಬಗ್ಗೆ ಜನರಿಗೆ ಸಿಕ್ಕ ಮಾತುಗಳೇ ಗೊಂದಲದಿಂದ ಕೂಡಿದ್ದವು. ಕಾಯಿಲೆ ಇಲ್ಲದವರಿಗೆ ಮಾಸ್ಕ್ ಬೇಡ ಅಂತ ಮೊದಲು ಕೇಳಿದೆವು. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮನೆಯಲ್ಲೇ ಹೊಲಿದ ಮುಖಗವಸು ಹಾಕಿಕೊಳ್ಳಿ ಅಂದಿತು. ಏಪ್ರಿಲ್ 15ರ ಕೇಂದ್ರದ ಆದೇಶದಲ್ಲಿ ಸಾರ್ವಜನಿಕ ಜಾಗದಲ್ಲಿ ಅದು ಕಡ್ಡಾಯವಾಯಿತು. ಜೂನ್ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೂರು ಪದರದ ಬಟ್ಟೆ ಮಾಸ್ಕ್ ಹೇಗಿರಬೇಕು ಅಂತ ವಿವರವಾಗಿ ಹೇಳಿತು. ಮೂರು ತಿಂಗಳೊಳಗೆ ಮಾತು ಪೂರ್ತಿ ತಿರುಗಿತು. ಹೊಸ ಕಾಯಿಲೆ, ದಿನಾ ಹೊಸ ವಿಷಯ ಗೊತ್ತಾಗುತ್ತಿತ್ತು, ಅದು ಸಹಜವೇ. ಆದರೆ ಮಾತು ಯಾಕೆ ಬದಲಾಯಿತು ಅಂತ ಹಳ್ಳಿಯಲ್ಲಿ ಕೂತು ಯಾರೂ ಬಿಡಿಸಿ ಹೇಳಲಿಲ್ಲ. ಬಂದದ್ದು ದಂಡ ಮಾತ್ರ.

ದಂಡವೂ ಏರಿ ಇಳಿಯಿತು. ರಾಜ್ಯದಲ್ಲಿ 2020ರ ಅಕ್ಟೋಬರ್ ಆರಂಭದಲ್ಲಿ ನಗರದಲ್ಲಿ 1000 ರೂಪಾಯಿ, ಹಳ್ಳಿಯಲ್ಲಿ 500 ಅಂದರು. ಜನರಿಂದ ವಿರೋಧ ಬಂತು. ವಾರ ಕಳೆಯುವುದರೊಳಗೆ 250 ಮತ್ತು 100ಕ್ಕೆ ಇಳಿಸಿದರು. ಮೀನು ಮಾರುವವಳಿಗೆ 100 ರೂಪಾಯಿಯೂ ಸಣ್ಣದಲ್ಲ. ಹಾಗಾಗಿ ಮಾಸ್ಕ್ ಮೈಮೇಲೆ ಎಲ್ಲಾದರೂ ಇರಲೇಬೇಕು ಎಂಬುದು ಎಲ್ಲರಿಗೂ ಗಟ್ಟಿಯಾಗಿ ಗೊತ್ತಾಯಿತು. ಜೀಪು ತಿರುವಿನಲ್ಲಿ ಕಂಡರೆ ಮೇಲೆ ಎಳೆದುಕೊಳ್ಳುವಷ್ಟು ಹತ್ತಿರ ಇದ್ದರೆ ಸಾಕು. ಗದ್ದ ಅದಕ್ಕೆ ಸರಿಯಾದ ಜಾಗ. ಕಾನೂನು ಏನನ್ನು ನೋಡುತ್ತದೋ ಜನ ಅದನ್ನು ಪಾಲಿಸುತ್ತಾರೆ. ದಂಡ ಹಾಕುವವರು ನೋಡುತ್ತಿದ್ದದ್ದು ಮಾಸ್ಕ್ ಇದೆಯೋ ಇಲ್ಲವೋ ಅಂತ. ಅದು ಒದ್ದೆಯಾಗಿದೆಯೇ, ಅದನ್ನು ಯಾವ ಕೈಯಲ್ಲಿ ಮುಟ್ಟಿದರು, ಮನೆಗೆ ಹೋದ ಮೇಲೆ ಎಲ್ಲಿಟ್ಟರು ಅಂತ ನೋಡುವವರು ಇರಲಿಲ್ಲ.

ಎರಡನೇ ಅಲೆ ಬಂದಾಗ ಇನ್ನೊಂದು ತೊಂದರೆ ಸೇರಿತು. 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಅಗತ್ಯ ವಸ್ತುಗಳ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಮುಂಚೆ ದಿನವಿಡೀ ಹರಡಿಕೊಂಡು ಬರುತ್ತಿದ್ದ ಜನ ನಾಲ್ಕು ತಾಸಿನೊಳಗೆ ಒಟ್ಟಿಗೆ ಬರತೊಡಗಿದರು. ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದಾಗ ದೋಣಿಗಳು ದಡದಲ್ಲೇ ಉಳಿದವು. ಸಮುದ್ರ ಶಾಂತವಾಗಿ ಮತ್ತೆ ಮೀನು ಬಂದ ದಿನ ಪೇಟೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅದೇ ವಾರ ಮಾರುವ ಹೆಂಗಸರಲ್ಲಿ ಒಬ್ಬರಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಪೇಟೆ ಮುಚ್ಚಿಬಿಡೋಣ ಅಂತ ಕಾರ್ಯಪಡೆಯ ಸಭೆಯಲ್ಲಿ ಮಾತು ಬಂತು. ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ ಹೇಗೂ ರಜೆ, ಅದಕ್ಕೆ ಮುಂಚಿನ ಈ ದಿನಗಳ ದುಡಿಮೆಯೂ ಹೋದರೆ ಮಳೆಗಾಲ ದಾಟುವುದು ಹೇಗೆ ಅಂತ ಹೆಂಗಸರು ಪಂಚಾಯಿತಿ ಬಾಗಿಲಿಗೇ ಬಂದು ಕೇಳಿದರು. ಮುಚ್ಚುವುದು ಬೇಡ, ಮಾಸ್ಕ್ ಸರಿಯಾಗಿ ಹಾಕಿಸೋಣ ಅಂತ ತೀರ್ಮಾನವಾಯಿತು. ಆ ಕೆಲಸ ನಮ್ಮ ತಂಡಕ್ಕೆ ಬಂತು.

ಕೈ ಎಲ್ಲೆಲ್ಲಿ ಹೋಗುತ್ತದೆ

ಮೊದಲು ಮೈಕ್‌ನಲ್ಲಿ ಕೂಗಿಸುವ ಯೋಚನೆ ಇತ್ತು. ಆಶಾ ಕಾರ್ಯಕರ್ತೆ ಬೇಡ ಅಂದರು. "ಒಂದು ವರ್ಷದಿಂದ ಕೂಗ್ತಾ ಇದ್ದೇವೆ. ಒಮ್ಮೆ ಸುಮ್ನೆ ಕೂತು ನೋಡೋಣ" ಎಂದರು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಸಲಹೆ ಅದೇ ಅಂತ ನನ್ನ ಅಭಿಪ್ರಾಯ.

ಕಂಬದ ಪಕ್ಕ ಕೂರುವ ಒಬ್ಬ ಹಿರಿಯ ಹೆಂಗಸನ್ನು ನೋಡುತ್ತಾ ಕೂತೆವು. ಎದುರಿಗೆ ಬಂಗಡೆ, ತಾರ್ಲೆ, ಒಂದಿಷ್ಟು ಶೆಟ್ಲಿ. ಗಿರಾಕಿ ಬರುತ್ತಾರೆ. ಮಾರುವವರು ತೋರುಬೆರಳನ್ನು ಮಾಸ್ಕಿನ ಮೇಲಂಚಿಗೆ ಹಾಕಿ ಗದ್ದಕ್ಕೆ ಎಳೆಯುತ್ತಾರೆ. ದರ ಹೇಳುತ್ತಾರೆ, ಗಿರಾಕಿ ಕಮ್ಮಿ ಕೇಳುತ್ತಾರೆ, ಚರ್ಚೆ ನಡೆಯುತ್ತದೆ. ದರ ಕುದುರಿದ ಮೇಲೆ ಮಾಸ್ಕಿನ ನಡುಭಾಗ ಚಿವುಟಿ ಮೇಲೆತ್ತುತ್ತಾರೆ. ಆಗ ಬೆರಳಲ್ಲಿ ಮೀನಿನ ನೀರು, ಪೊರೆ. ಮೆಟ್ಗತ್ತಿಯಲ್ಲಿ ಮೀನು ಹೆಚ್ಚಿ ಕೊಟ್ಟು ದುಡ್ಡು ತಗೊಳ್ಳುತ್ತಾರೆ. ಅದೇ ಕೈ ಸೆರಗಿಗೆ ಒರೆಸಿ ಎಲೆ ಅಡಿಕೆಯ ಸಂಚಿ ಬಿಚ್ಚುತ್ತಾರೆ. ಕವಳ. ಎಲೆಗೆ ಸುಣ್ಣ ಹಚ್ಚಲು ಮತ್ತೆ ಮಾಸ್ಕ್ ಕೆಳಗೆ. ಕವಳ ಬಾಯಲ್ಲಿರುವಷ್ಟು ಹೊತ್ತು ಮಾಸ್ಕ್ ಮೇಲೆ ಬರುವುದಿಲ್ಲ, ಯಾಕೆಂದರೆ ಉಗಿಯಬೇಕು. ನಮ್ಮ ಕಡೆ ಕವಳ ಅಂದರೆ ದಿನಕ್ಕೆ ಒಂದು ಸಲದ ಮಾತಲ್ಲ.

ಒಂದು ತಾಸಿನಲ್ಲಿ ಮಾಸ್ಕ್ ಎಷ್ಟು ಸಲ ಮೇಲೆ ಕೆಳಗೆ ಹೋಯಿತು ಅಂತ ಲೆಕ್ಕ ಇಡಲು ಆಗಲೇ ಇಲ್ಲ. ಅದು ಆ ಹೆಂಗಸಿನ ದುರಭ್ಯಾಸ ಅಂತ ಯಾರೂ ತಿಳಿಯಬೇಡಿ. ಮನುಷ್ಯರ ಕೈ ಇರುವುದೇ ಹಾಗೆ. 2015ರಲ್ಲಿ ಪ್ರಕಟವಾದ ಸಿಡ್ನಿಯ ಒಂದು ಅಧ್ಯಯನದಲ್ಲಿ ತರಗತಿಯಲ್ಲಿ ಕೂತ 26 ವೈದ್ಯಕೀಯ ವಿದ್ಯಾರ್ಥಿಗಳನ್ನು ವೀಡಿಯೊದಲ್ಲಿ ಗಮನಿಸಿದ್ದರು. ಸರಾಸರಿ ತಾಸಿಗೆ 23 ಸಲ ಅವರು ಮುಖ ಮುಟ್ಟಿಕೊಂಡಿದ್ದರು. ಸೋಂಕಿನ ಬಗ್ಗೆ ಓದಿದ, ಸುಮ್ನೆ ಕೂತಿದ್ದ ಹುಡುಗರೇ ಹೀಗೆ. ದಿನವಿಡೀ ಕೈಯಲ್ಲೇ ಕೆಲಸ ಮಾಡುವ, ಬೆವರು ಸುರಿಯುವ, ಕೂಗಿ ಮಾರಬೇಕಾದ ಹೆಂಗಸಿಗೆ "ಮುಖ ಮುಟ್ಟಬೇಡ" ಅಂದರೆ ಏನು ಪ್ರಯೋಜನ?

ಕೇಳಿದಾಗ ಆ ಹೆಂಗಸು ಹೇಳಿದ್ದು ಇಷ್ಟೇ: "ಅಕ್ಕೋರೇ, ಬಾಯ್ ಮುಚ್ಕಂಡ್ ಕುಂತ್ರೆ ನನ್ನ ಮೀನ್ ಯಾರ್ ತಕಂತರು?"

ಇಲ್ಲೊಂದು ವಿಷಯ ಹೇಳಬೇಕು. ಈ ಕಾಯಿಲೆ ಹೆಚ್ಚಾಗಿ ಹರಡುವುದು ಉಸಿರಿನಿಂದ ಹೊರಬರುವ ಕಣಗಳಿಂದ. ಮೇಲ್ಮೈ ಮುಟ್ಟಿ ಬರುವುದು ಕಮ್ಮಿ ಅಂತ 2021ರ ಹೊತ್ತಿಗೆ ಸಾಕಷ್ಟು ಸ್ಪಷ್ಟವಾಗಿತ್ತು. ಮಾತಾಡುವಾಗ ಕಣಗಳು ಬರುತ್ತವೆ, ದನಿ ಏರಿಸಿದಷ್ಟೂ ಜಾಸ್ತಿ ಬರುತ್ತವೆ. ಅಂದರೆ ಮಾಸ್ಕ್ ಅತ್ಯಂತ ಬೇಕಾದ ಗಳಿಗೆ ಯಾವುದು? ದರ ಕೂಗುವ ಗಳಿಗೆ, ಚರ್ಚೆ ಮಾಡುವ ಗಳಿಗೆ. ಈ ಪೇಟೆಯಲ್ಲಿ ಮಾಸ್ಕ್ ಕೆಳಗಿಳಿಯುತ್ತಿದ್ದದ್ದು ಸರಿಯಾಗಿ ಆಗಲೇ. ಸುಮ್ಮನೆ ಕೂತಾಗ ಮೇಲಿರುತ್ತಿತ್ತು. ಇದು ಕಂಡ ಮೇಲೆ ನಮ್ಮ ಕೆಲಸದ ದಾರಿಯೇ ಬದಲಾಯಿತು. ಮಾಸ್ಕ್ ಹಾಕಿ ಅನ್ನುವುದಕ್ಕಿಂತ ಅದನ್ನು ತೆಗೆಯಬೇಕಾದ ಕಾರಣಗಳನ್ನೇ ಒಂದೊಂದಾಗಿ ಕಮ್ಮಿ ಮಾಡುವುದು ಅಂತ ಇಟ್ಟುಕೊಂಡೆವು.

ಮಾಸ್ಕಿನಲ್ಲೂ ದೋಷ ಇತ್ತು. ಮೊದಲು ಹಂಚಿದ್ದು ಕಿವಿಗೆ ಸಿಕ್ಕಿಸುವ ಇಲಾಸ್ಟಿಕ್ ಇದ್ದದ್ದು, ಎಲ್ಲವೂ ಒಂದೇ ಅಳತೆ. ಕೆಲವರಿಗೆ ಸಡಿಲ, ಮಾತಾಡಿದರೆ ಮೂಗಿನಿಂದ ಜಾರುತ್ತಿತ್ತು. ಕೆಲವರಿಗೆ ಬಿಗಿ, ಕಿವಿಯೋಲೆಗೆ ಸಿಕ್ಕಿ ಕಿವಿ ಹಿಂದೆ ಗಾಯ. ಮೂಗಿನ ಮೇಲೆ ಕೂರಲು ಹಾಕಿದ್ದ ಕಬ್ಬಿಣದ ತಂತಿ ಉಪ್ಪುಗಾಳಿಗೂ ತೊಳೆಯುವ ನೀರಿಗೂ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಗೆರೆ ಬಿಟ್ಟಿತ್ತು. ಆ ಗೆರೆ ನೋಡಿ ಅಸಹ್ಯಪಟ್ಟು ಹಲವರು ತಂತಿಯನ್ನೇ ಎಳೆದು ಬಿಸಾಡಿದ್ದರು. ತಂತಿ ಇಲ್ಲದ ಮಾಸ್ಕಿನಲ್ಲಿ ಉಸಿರು ಮೂಗಿನ ಎರಡೂ ಬದಿಯಿಂದ ಹೊರಗೆ ಹೋಗುತ್ತದೆ. ಕನ್ನಡಕದವರಿಗೆ ಗಾಜು ಮಸುಕಾಗುವುದು ಅದಕ್ಕೇ. ಒಬ್ಬಿಬ್ಬರು ಗಿರಾಕಿಗಳು ಮುಂದೆ ಪ್ಲಾಸ್ಟಿಕ್ ವಾಲ್ವ್ ಇದ್ದ ದುಬಾರಿ ಎನ್-95 ಹಾಕಿ ಬರುತ್ತಿದ್ದರು. ಅದರಲ್ಲಿ ಒಳಗೆ ಎಳೆದುಕೊಳ್ಳುವ ಗಾಳಿ ಸೋಸುತ್ತದೆ, ಬಿಡುವ ಉಸಿರು ವಾಲ್ವಿನಿಂದ ಸೋಸದೇ ಆಚೆ ಬರುತ್ತದೆ. ಹಾಕಿಕೊಂಡವರಿಗೆ ರಕ್ಷಣೆ, ಎದುರಿನ ಮೀನುಗಾರ್ತಿಗೆ ಇಲ್ಲ. ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈನಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಅಂಗಡಿಯಲ್ಲಿ ಮಾರಾಟ ಮಾತ್ರ ನಿಂತಿರಲಿಲ್ಲ.

ಮಳೆ ಬಂದ ಮೇಲೆ

ಜೂನ್ ಬಂತು. ದೊಡ್ಡ ಬೋಟುಗಳು ನಿಂತವು. ನಾಡದೋಣಿಯವರು ತಂದದ್ದು, ಹೊಳೆ ಮೀನು, ಬೆಳಚು (ಚಿಪ್ಪುಮೀನು), ಒಣಮೀನು ಇಷ್ಟೇ ಪೇಟೆಯಲ್ಲಿ. ಮೀನು ಕಮ್ಮಿಯಾದರೂ ನೂಕುನುಗ್ಗಲು ಕಮ್ಮಿಯಾಗಲಿಲ್ಲ. ಹೊರಗೆ ರಸ್ತೆ ಬದಿ ಕೂರುತ್ತಿದ್ದವರೆಲ್ಲ ಮಳೆಗೆ ಕಟ್ಟೆಯ ಮಾಡಿನ ಕೆಳಗೆ ಬಂದರು. ಎರಚಲು ಒಳಗೆ ಬರದ ಹಾಗೆ ಸುತ್ತಲೂ ತಾಡಪತ್ರಿ ಕಟ್ಟಿದರು. ನಾಲ್ಕು ಬದಿ ತೆರೆದಿದ್ದ ಪೇಟೆ ನಾಲ್ಕೂ ಬದಿ ಮುಚ್ಚಿದ ಕೋಣೆಯಾಯಿತು. ಮಾಸ್ಕಿನ ಬಗ್ಗೆ ಮಾತಾಡುವಾಗ ಗಾಳಿಯ ಬಗ್ಗೆ ಮಾತಾಡುವುದು ಮರೆತುಹೋಗುತ್ತದೆ. ಒಳ್ಳೆ ಗಾಳಿ ಆಡುವ ಜಾಗದಲ್ಲಿ ಸಾಧಾರಣ ಮಾಸ್ಕೂ ಸಾಕಷ್ಟು ಕೆಲಸ ಮಾಡುತ್ತದೆ. ಗಾಳಿ ನಿಂತ ಜಾಗದಲ್ಲಿ ಸಡಿಲ ಮಾಸ್ಕ್ ಇದ್ದೂ ಇಲ್ಲದ ಹಾಗೆ.

ಅದಕ್ಕಿಂತ ದೊಡ್ಡ ಸಮಸ್ಯೆ ಒದ್ದೆ. ಮನೆಯಿಂದ ಬುಟ್ಟಿ ಹೊತ್ತು ನಡೆದು ಬರುವಾಗಲೇ ಮಾಸ್ಕ್ ನೆನೆದಿರುತ್ತಿತ್ತು. ಹೊರಗಿನಿಂದ ಮಳೆ, ಒಳಗಿನಿಂದ ಬೆವರು ಮತ್ತು ಉಸಿರು. ಒದ್ದೆ ಬಟ್ಟೆಯ ಮೂಲಕ ಉಸಿರು ಎಳೆಯುವುದು ಕಷ್ಟ. ಮುಖಕ್ಕೆ ಅಂಟುತ್ತದೆ, ಗಾಳಿ ಅಂಚಿನಿಂದ ನುಗ್ಗುತ್ತದೆ. ಅರವತ್ತು ದಾಟಿದವರಿಗೆ ಅದು ನಿಜವಾಗಿ ಸಂಕಟ, ನೆವವಲ್ಲ. ಒದ್ದೆಯಾದ ತಕ್ಷಣ ಬದಲಿಸಿ ಅಂತ ಎಲ್ಲ ಸೂಚನೆಗಳಲ್ಲೂ ಇದೆ. ಬದಲಿಸಲು ಇನ್ನೊಂದು ಬೇಕಲ್ವಾ? ಪಂಚಾಯಿತಿ ಕೊಟ್ಟದ್ದು ತಲೆಗೊಂದು.

2020ರಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಮನೆಯಲ್ಲೇ ಮಾಸ್ಕ್ ಮಾಡುವ ಬಗ್ಗೆ ಒಂದು ಕೈಪಿಡಿ ತಂದಿತ್ತು. ಒಳ್ಳೆಯ ಕೈಪಿಡಿ. ಒಬ್ಬರಿಗೆ ಎರಡು ಮಾಸ್ಕ್ ಇರಲಿ, ಒಂದು ತೊಳೆಯುವಾಗ ಇನ್ನೊಂದು ಹಾಕಿಕೊಳ್ಳಿ ಅಂತ ಅದರಲ್ಲೇ ಇದೆ. ದಿನಾ ಸೋಪು ಹಾಕಿ ಬಿಸಿನೀರಲ್ಲಿ ತೊಳೆದು, ಕನಿಷ್ಠ ಐದು ತಾಸು ಬಿಸಿಲಿಗೆ ಹಾಕಿ ಅಂತಲೂ ಇದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಐದು ತಾಸು ಬಿಸಿಲು ಎಲ್ಲಿಂದ ತರುವುದು? ಉಟ್ಟ ಸೀರೆಯೇ ಮೂರು ದಿನ ಒಣಗುವುದಿಲ್ಲ. ಬಿಸಿಲಿಲ್ಲದವರು ಕುಕ್ಕರಿನಲ್ಲಿ ಹತ್ತು ನಿಮಿಷ ಕುದಿಸಿ, ಕುಕ್ಕರ್ ಇಲ್ಲದಿದ್ದರೆ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸಿ ಅಂತ ಅದೇ ಕೈಪಿಡಿಯಲ್ಲಿ ಮುಂದೆ ಹೇಳಿದ್ದಾರೆ. ಅನ್ನ ಮಾಡುವ ಕುಕ್ಕರಿಗೆ ಮಾಸ್ಕ್ ಹಾಕಲು ನಮ್ಮ ಹೆಂಗಸರು ಸುತಾರಾಂ ಒಪ್ಪಲಿಲ್ಲ. ಅವರ ಮಾತು ಸರಿಯಾಗೇ ಇದೆ.

ಆದ್ದರಿಂದ ಎಷ್ಟೋ ಮನೆಗಳಲ್ಲಿ ಮಾಸ್ಕ್ ಒಂದು ವಾರ ನೀರು ಕಾಣುತ್ತಿರಲಿಲ್ಲ. ತೊಳೆದರೆ ನಾಳೆಗೆ ಒಣಗುವುದಿಲ್ಲ, ಒಣಗದಿದ್ದರೆ ಪೇಟೆಗೆ ಹೋಗುವ ಹಾಗಿಲ್ಲ. ಕವಳದ ಸಂಚಿಯೊಳಗೆ ಎಲೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಚಿಲ್ಲರೆ ಕಾಸಿನ ಜೊತೆ ಮುದ್ದೆಯಾಗಿ ಕೂತ ಮಾಸ್ಕನ್ನು ಒಬ್ಬರು ಬಿಡಿಸಿ ತೋರಿಸಿದರು. ಒಳಬದಿಯಲ್ಲಿ ಸುಣ್ಣದ ಬಿಳಿ ಕಲೆ, ಅಂಚಿನಲ್ಲಿ ಬೂಷ್ಟು. ಅದನ್ನು ಮೂಗಿಗೆ ಹಿಡಿದುಕೊಂಡು ನಾಲ್ಕು ತಾಸು ಕೂರು ಅಂತ ಯಾವ ಬಾಯಲ್ಲಿ ಹೇಳುವುದು?

ನಾವು ಮಾಡಿದ್ದು

ಮೊದಲ ಕೆಲಸ ಹೊಲಿಗೆಯವರದ್ದು. ಪಂಚಾಯಿತಿಯ ಹಣ, ಊರಿನ ಸಹಕಾರಿ ಸಂಘದ ಸ್ವಲ್ಪ ಹಣ ಸೇರಿಸಿ ಪ್ರತಿಯೊಬ್ಬ ಮೀನುಗಾರ್ತಿಗೆ ಮೂರು ಮಾಸ್ಕ್ ಹೊಲಿದೆವು. ಎರಡಲ್ಲ, ಮೂರು. ಒಂದು ಮುಖದ ಮೇಲೆ, ಒಂದು ಒದ್ದೆಯಾದಾಗ ಬದಲಿಸಲು, ಒಂದು ಮನೆಯಲ್ಲಿ ಒಣಗಲು. ಮಳೆಗಾಲದಲ್ಲಿ ಎರಡರ ಲೆಕ್ಕ ಸಾಲುವುದಿಲ್ಲ. ಒಳಗೆ ಹಳೆ ಹತ್ತಿ ಸೀರೆಯ ಮೆತ್ತನೆ ಬಟ್ಟೆ, ಹೊರಗೆ ಬಿಗಿ ನೇಯ್ಗೆಯ, ಬೇಗ ಒಣಗುವ ಪಾಲಿಯೆಸ್ಟರ್ ಬೆರೆತ ಬಟ್ಟೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಹೀಗೇ, ಒಳಗೆ ನೀರು ಹೀರುವುದು, ಹೊರಗೆ ನೀರು ಹಿಡಿಯದ್ದು. ನಡುವಿನ ಪದರಕ್ಕೆ ಬಟ್ಟೆ ಅಂಗಡಿಯವರು ಕೊಡುವ, ನೇಯ್ಗೆ ಇಲ್ಲದ ಕೈಚೀಲದ ಬಟ್ಟೆ. ಇಲಾಸ್ಟಿಕ್ ಬದಲು ಉದ್ದದ ಲಾಡಿ. ಮೇಲಿನ ಜೋಡಿ ತುರುಬಿನ ಮೇಲೆ, ಕೆಳಗಿನ ಜೋಡಿ ಕತ್ತಿನ ಹಿಂದೆ. ಕಿವಿಗೆ ಬಿಡುಗಡೆ ಸಿಕ್ಕಿತು. ಅದಕ್ಕಿಂತ ಮುಖ್ಯ ಲಾಭ ಬೇರೆ ಇತ್ತು. ಲಾಡಿ ಕಟ್ಟಿದ ಮಾಸ್ಕನ್ನು ಒಂದು ಬೆರಳಲ್ಲಿ ಗದ್ದಕ್ಕೆ ಎಳೆಯುವುದು ಸುಲಭವಲ್ಲ. ತೆಗೆಯಬೇಕಾದರೆ ಎರಡೂ ಕೈ ಹಿಂದೆ ಹೋಗಬೇಕು, ಅದಕ್ಕೆ ಮುಂಚೆ ಕೈ ತೊಳೆಯಬೇಕು ಅಂತ ತಾನಾಗೇ ಅನಿಸುತ್ತದೆ, ಯಾಕೆಂದರೆ ಕೂದಲಿಗೆ ಮೀನಿನ ಕೈ ಹಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ. ಮುಖಕ್ಕೆ ಹಚ್ಚುತ್ತಿದ್ದ ಕೈಯನ್ನು ತಲೆಗೆ ಹಚ್ಚಲು ಒಪ್ಪುವುದಿಲ್ಲ ಎಂಬುದು ಹೊಲಿಗೆಯ ಹೆಂಗಸರಿಗೆ ಮೊದಲೇ ಗೊತ್ತಿತ್ತು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ತುಕ್ಕಿನ ತಂತಿಗೆ ಬದಲಾಗಿ ಪ್ಲಾಸ್ಟಿಕ್ ಹೊದಿಕೆಯ ಕರೆಂಟ್ ವೈರಿನ ತುಂಡು ಹಾಕಿದರು.

ಉಳಿದ ಬಟ್ಟೆಯಲ್ಲಿ ಎರಡು ಖಾನೆಯ ಸಣ್ಣ ಸಂಚಿ ಮಾಡಿದರು. ಒಂದು ಖಾನೆ ತೊಳೆದದ್ದಕ್ಕೆ, ಇನ್ನೊಂದು ತೆಗೆದದ್ದಕ್ಕೆ. ಎರಡಕ್ಕೂ ಬಣ್ಣ ಬೇರೆ. ಕವಳದ ಸಂಚಿ ಎಡಕ್ಕೆ ಇದ್ದರೆ ಇದು ಬಲಕ್ಕೆ. ಕವಳ ಬಿಡಿ ಅಂತ ನಾವು ಹೇಳಲಿಲ್ಲ. ಹೇಳಿದ್ದರೆ ಮಿಕ್ಕ ಮಾತನ್ನೂ ಕೇಳುತ್ತಿರಲಿಲ್ಲ. ಕವಳ ಹಾಕುವಾಗ ಕೈ ತೊಳೆದು ಮಾಸ್ಕ್ ಪೂರ್ತಿ ಬಿಚ್ಚಿ ಸಂಚಿಗೆ ಹಾಕಿ, ಎದ್ದು ತೆಂಗಿನ ಮರದ ಕಡೆ ಹೋಗಿ ಜಗಿದು ಉಗಿದು ಬಾಯಿ ಮುಕ್ಕಳಿಸಿ ಬನ್ನಿ, ಅಲ್ಲಿವರೆಗೆ ಪಕ್ಕದವರು ನಿಮ್ಮ ಬುಟ್ಟಿ ನೋಡಿಕೊಳ್ಳಲಿ ಅಂದೆವು. ಇದು ನಡೆಯಿತು. ಕಟ್ಟೆಯ ಎರಡೂ ತುದಿಗೆ ನಲ್ಲಿ ಇರುವ ನೀರಿನ ಡ್ರಮ್, ಸೋಪಿನ ತುಂಡು ಇಟ್ಟೆವು. ಸ್ಯಾನಿಟೈಸರ್ ಇಡಲಿಲ್ಲ. ಮೀನಿನ ಜಿಡ್ಡು ಹತ್ತಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರೇ ಬೇಕು.

ಕೂಗುವುದನ್ನು ಕಮ್ಮಿ ಮಾಡಲು ಶಾಲೆಯ ಹಳೆ ಸ್ಲೇಟುಗಳನ್ನು ತಂದೆವು. ಮೀನಿನ ಹೆಸರು, ದರ ಬರೆದು ಬುಟ್ಟಿಗೆ ಒರಗಿಸಿಟ್ಟರೆ ಅರ್ಧ ಮಾತು ಉಳಿಯುತ್ತದೆ ಎಂಬ ಯೋಚನೆ. ಹೆಂಗಸರಿಗೆ ಇದು ಹಿಡಿಸಲಿಲ್ಲ. ದರ ಬರೆದಿಟ್ಟರೆ ಚರ್ಚೆಗೆ ಜಾಗ ಎಲ್ಲಿ? ಬೆಳಿಗ್ಗೆ 7ರ ದರ ಬೇರೆ, 9ರ ದರ ಬೇರೆ. ಪರಿಚಯದವರಿಗೆ ಒಂದು, ರಿಸಾರ್ಟಿನವರಿಗೆ ಇನ್ನೊಂದು. ಕೆಲವು ದಿನ ಸ್ಲೇಟು ಬರೀ ಮೀನಿನ ಹೆಸರು ಹೊತ್ತು ಕೂತಿತ್ತು. ಆಮೇಲೆ ಒಣಮೀನಿನವರು ಮೊದಲು ದರ ಬರೆಯತೊಡಗಿದರು, ಅವರ ಸರಕಿನ ದರ ತಾಸಿಗೊಮ್ಮೆ ಬದಲಾಗುವುದಿಲ್ಲ. ಅವರ ಎದುರು ಗದ್ದಲ ಕಮ್ಮಿಯಾದದ್ದು ನೋಡಿ ಬೆಳಚು ಮಾರುವವರೂ ಬರೆದರು. ಹಸಿಮೀನಿನವರು ಮೊದಲ ದರ ಮಾತ್ರ ಬರೆದು, ಮಿಕ್ಕದ್ದು ಕೈಬೆರಳಲ್ಲಿ ತೋರಿಸುವ ರೂಢಿ ಮಾಡಿಕೊಂಡರು. ಓದಲು ಬಾರದ ಗಿರಾಕಿಗಳಿಗೆ ಪಕ್ಕದವರು ಹೇಳುತ್ತಿದ್ದರು.

ತಾಡಪತ್ರಿಯ ವಿಷಯ ಬೇಗ ಮುಗಿಯಿತು. ಮಳೆಗಾಳಿ ನಮ್ಮಲ್ಲಿ ಪಡುವಣದಿಂದ ಬರುತ್ತದೆ. ಆ ಬದಿ ಕಟ್ಟಿ, ಮೂಡಣದ ಬದಿ ಪೂರ್ತಿ ಬಿಚ್ಚಿದೆವು. ಗಾಳಿ ಮತ್ತೆ ಆಡಿತು, ಎರಚಲೂ ಜಾಸ್ತಿ ಬರಲಿಲ್ಲ.

ಒಣಗಿಸುವುದಕ್ಕೆ ಉತ್ತರ ಬಚ್ಚಲಲ್ಲಿ ಸಿಕ್ಕಿತು. ನಮ್ಮ ಊರಿನ ಮನೆಗಳಲ್ಲಿ ಸಂಜೆ ಸ್ನಾನಕ್ಕೆ ಹಂಡೆಯ ನೀರು ಕಾಯಲೇಬೇಕು, ಮೀನು ಮಾರಿ ಬಂದವರ ಮನೆಯಲ್ಲಂತೂ ತಪ್ಪುವುದಿಲ್ಲ. ಹಂಡೆಯಿಂದ ಕುದಿಯುವ ನೀರು ಹಳೆ ಡಬ್ಬಕ್ಕೆ ತೆಗೆದು, ಸೋಪು ಹಾಕಿ ಮಾಸ್ಕ್ ಮುಳುಗಿಸಿಟ್ಟು, ತಾವು ಸ್ನಾನ ಮುಗಿಸಿ ಅದನ್ನು ಹಿಂಡುವುದು. ಬಟ್ಟೆ ಮಾಸ್ಕಿಗೆ 60 ಡಿಗ್ರಿ ಬಿಸಿಯ ನೀರು ಒಳ್ಳೆಯದು ಅನ್ನುತ್ತಾರೆ. ಹಂಡೆಯ ನೀರು ಅದಕ್ಕಿಂತ ಬಿಸಿಯೇ ಇರುತ್ತದೆ. ಮೊದಲು ಕೆಲವರು ಬಚ್ಚಲ ಒಲೆಯ ಮೇಲೆಯೇ ದಾರ ಕಟ್ಟಿ ಒಣಗಿಸಿದರು. ಮಾಸ್ಕ್ ಹೊಗೆ ಕುಡಿದು ಮಾರನೇ ದಿನ ಹಾಕಿದ ಕೂಡಲೇ ಕೆಮ್ಮು. ಕೊರೊನಾ ಕಾಲದಲ್ಲಿ ಪೇಟೆ ನಡುವೆ ಕೆಮ್ಮಿದರೆ ಏನಾಗುತ್ತದೆ ಗೊತ್ತಲ್ಲ, ಸುತ್ತಲಿನ ಗಿರಾಕಿ ಎಲ್ಲ ಖಾಲಿ. ಆಮೇಲೆ ಕಂಡುಕೊಂಡ ದಾರಿ ಹೀಗೆ. ಸ್ನಾನ ಮುಗಿದು ಬೆಂಕಿ ಆರಿದ ಮೇಲೆ, ಹಂಡೆಯ ಬಿಸಿ ಮುಚ್ಚಳದ ಮೇಲೆ ಒಂದು ಒಣ ಬಟ್ಟೆ ಹಾಸಿ, ಅದರ ಮೇಲೆ ಹಿಂಡಿದ ಮಾಸ್ಕ್ ಹರಡುವುದು. ಬೆಳಗಾಗುವಷ್ಟರಲ್ಲಿ ಒಣಗಿರುತ್ತಿತ್ತು. ಇದನ್ನು ಕಂಡುಹಿಡಿದದ್ದು ಬೆಳಚು ಮಾರುವ ಒಬ್ಬ ಹೆಂಗಸಿನ ಸೊಸೆ. ನಾಲ್ಕೇ ದಿನದಲ್ಲಿ ಕೇರಿಗೆಲ್ಲ ಹಬ್ಬಿತು.

ಎಸೆದ ಮಾಸ್ಕುಗಳು

ಗಿರಾಕಿಗಳಲ್ಲಿ ಹೆಚ್ಚಿನವರದ್ದು ಮೆಡಿಕಲ್ ಅಂಗಡಿಯ ನೀಲಿ ಮಾಸ್ಕ್. ಮೀನಿನ ನೀರು ಸಿಡಿದರೆ ಅಲ್ಲೇ ಗಟಾರಕ್ಕೆ ಎಸೆಯುತ್ತಿದ್ದರು. ಗಟಾರ ಹೊಳೆಗೆ, ಹೊಳೆ ಸಮುದ್ರಕ್ಕೆ. ನೋಡಲು ಬಟ್ಟೆ ಅನಿಸಿದರೂ ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್, ಕರಗುವುದಿಲ್ಲ. ಮನೆಯಲ್ಲಿ ಬಳಸಿದ ಮಾಸ್ಕನ್ನು ಕಾಗದದ ಚೀಲದಲ್ಲಿ ಕನಿಷ್ಠ 72 ತಾಸು ಇಟ್ಟು, ಕತ್ತರಿಸಿ, ಆಮೇಲೆ ಒಣ ಕಸಕ್ಕೆ ಕೊಡಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ಪೇಟೆ ಬಾಗಿಲಿಗೆ ಮುಚ್ಚಳದ ಡಬ್ಬ ಇಟ್ಟು, ತುಂಬಿದ ಮೇಲೆ ಪಂಚಾಯಿತಿಯ ಹಿಂದಿನ ಕೋಣೆಯಲ್ಲಿ ಮೂರು ದಿನ ಬಿಟ್ಟು ಕಸದ ಗಾಡಿಗೆ ಕೊಡುವ ಏರ್ಪಾಡು ಮಾಡಿದೆವು. ಕತ್ತರಿಸುವ ಕೆಲಸ ಸ್ವಚ್ಛತೆಯ ಸಿಬ್ಬಂದಿಗೆ ಹೊರಿಸುವುದು ನನಗೆ ಸರಿ ಕಾಣಲಿಲ್ಲ. ಹಾಕುವವರೇ ಮಾಸ್ಕಿನ ಕಿವಿಯ ಎಳೆ ಕಿತ್ತು ಹಾಕಿ ಅಂತ ಡಬ್ಬದ ಮೇಲೆ ಬರೆಸಿದೆವು. ಕೆಲವರು ಮಾಡಿದರು, ಹಲವರು ಮಾಡಲಿಲ್ಲ.

ಏನು ಉಳಿಯಿತು

ಇದರಿಂದ ಊರಲ್ಲಿ ಸೋಂಕು ಇಳಿಯಿತು ಅಂತ ನಾನು ಹೇಳುವುದಿಲ್ಲ. ಜೂನ್, ಜುಲೈ ಹೊತ್ತಿಗೆ ರಾಜ್ಯದ ತುಂಬ ಎರಡನೇ ಅಲೆ ಇಳಿಯುತ್ತಿತ್ತು, ಲಸಿಕೆಯೂ ಸಿಗುತ್ತಿತ್ತು. ಯಾವುದರಿಂದ ಎಷ್ಟು ಅಂತ ಒಂದು ಪೇಟೆಯನ್ನು ನೋಡಿ ಬೇರ್ಪಡಿಸಲು ಆಗುವುದಿಲ್ಲ. ನಮ್ಮ ಕಣ್ಣಿಗೆ ಕಂಡದ್ದು ಮಾಸ್ಕ್ ಮೂಗಿನ ಮೇಲೆ ಉಳಿದದ್ದು. ಜುಲೈ ಕೊನೆಗೆ ಮಾರುವವರಲ್ಲಿ ಗದ್ದದ ಮಾಸ್ಕ್ ಅಪರೂಪವಾಗಿತ್ತು.

ಅದೇ ವರ್ಷ ಬಾಂಗ್ಲಾದೇಶದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 600 ಹಳ್ಳಿಗಳು, 3 ಲಕ್ಷಕ್ಕೂ ಜಾಸ್ತಿ ಜನ. ಅವರು ಎಣಿಸಿದ್ದು ಮಾಸ್ಕ್ ಇದೆಯೇ ಅಂತಲ್ಲ, ಮೂಗು ಬಾಯಿ ಮುಚ್ಚಿ ಸರಿಯಾಗಿ ಹಾಕಿದ್ದಾರೆಯೇ ಅಂತ. ಪುಕ್ಕಟೆ ಮಾಸ್ಕ್, ತಿಳಿಸಿ ಹೇಳುವುದು, ದಾರಿಯಲ್ಲಿ ಎದುರಾದಾಗ ನೆನಪಿಸುವುದು, ಊರಿನ ಹಿರಿಯರು ತಾವೇ ಹಾಕಿ ತೋರಿಸುವುದು, ಇಷ್ಟು ಸೇರಿದಾಗ ಸರಿಯಾಗಿ ಹಾಕುವವರು ನೂರಕ್ಕೆ 13ರಿಂದ 42ಕ್ಕೆ ಏರಿದರು. ಹಂಚಿ ಸುಮ್ಮನಾಗದೆ ಜೊತೆಗೆ ನಿಂತಾಗ ಆದ ಬದಲಾವಣೆ ಅದು. ಹಾಗೆ ನಿಂತಾಗಲೂ ಅರ್ಧಕ್ಕಿಂತ ಜಾಸ್ತಿ ಜನ ಸರಿಯಾಗಿ ಹಾಕಲಿಲ್ಲ ಎಂಬುದನ್ನೂ ನೋಡಬೇಕು. ಉಳಿದವರಿಗೆ ಏನು ಅಡ್ಡ ಬಂತು ಅಂತ ಪ್ರತಿ ಊರಿನಲ್ಲೂ ಕೂತು ನೋಡುವ ಕೆಲಸ ಬಾಕಿ ಇದೆ. ಎಲ್ಲ ಕಡೆ ಕವಳ ಇರುವುದಿಲ್ಲ, ಬೇರೆ ಏನೋ ಇರುತ್ತದೆ.

ಆಗಸ್ಟ್ 1ಕ್ಕೆ ದೊಡ್ಡ ಬೋಟುಗಳು ಮತ್ತೆ ಇಳಿದವು. ಪೇಟೆಗೆ ಮೀನು ತುಂಬಿತು, ಜನವೂ ತುಂಬಿದರು. ಸ್ಲೇಟುಗಳು ಒಣಮೀನಿನವರ ಹತ್ತಿರ ಮಾತ್ರ ಉಳಿದವು. ಲಾಡಿ ಮಾಸ್ಕ್ ಮತ್ತು ಎರಡು ಖಾನೆಯ ಸಂಚಿ ಬಹುತೇಕ ಎಲ್ಲರ ಹತ್ತಿರ ಇದ್ದವು. ಸೋಪಿನ ಡ್ರಮ್ ಒಂದು ಒಡೆಯಿತು, ಹೊಸದು ಬರಲು ತಿಂಗಳಾಯಿತು. ಆ ತಿಂಗಳು ಕೈ ತೊಳೆಯುವುದು ಆ ತುದಿಯಲ್ಲಿ ಪೂರ್ತಿ ನಿಂತುಹೋಯಿತು.

ಹೊಸ ತೊಂದರೆಯೂ ಬಂತು. ಬೋಟುಗಳ ಜೊತೆ ಒಡಿಶಾ, ಜಾರ್ಖಂಡ್ ಕಡೆಯ ಕೆಲಸದವರು ಬಂದರು. ಐಸ್ ಹೊರುವವರು, ಬುಟ್ಟಿ ಇಳಿಸುವವರು. ಅವರಿಗೆ ನಮ್ಮ ಮಾತು ಬರುವುದಿಲ್ಲ, ಮೀನುಗಾರ್ತಿಯರಿಗೆ ಮಾಸ್ಕ್ ಕೊಟ್ಟ ಪಟ್ಟಿಯಲ್ಲಿ ಅವರು ಸೇರಿರಲಿಲ್ಲ, ಊರಿನಲ್ಲಿ ಅವರಿಗೆ ಬಚ್ಚಲೂ ಇಲ್ಲ ಹಂಡೆಯೂ ಇಲ್ಲ. ಒದ್ದೆ ಮಾಸ್ಕ್ ಬದಲಿಸಿ ಅಂತ ಬೋಟಿನಲ್ಲೇ ಮಲಗುವವರಿಗೆ ಹೇಳುವ ಮುಂಚೆ ಅದನ್ನು ಎಲ್ಲಿ ತೊಳೆಯಬೇಕು ಅಂತ ತೋರಿಸಬೇಕು. ಹೊಲಿಗೆಯ ಸಂಘದವರು ಅವರಿಗೂ ಮಾಸ್ಕ್ ಹೊಲಿದುಕೊಟ್ಟರು. ತೊಳೆಯುವ ಜಾಗಕ್ಕೆ ಬೋಟು ನಿಲ್ಲುವ ಧಕ್ಕೆಯ ಹತ್ತಿರ ಬಿಸಿನೀರಿನ ಒಲೆ ಹಾಕಿಸಿ ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟೆವು. ನನ್ನ ಡ್ಯೂಟಿ ಮುಗಿದು ಶಾಲೆಗೆ ಮರಳುವಾಗ ಆ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ.